ಸಿಂಪಡಿಸಿದ ಮೂರನೇ ಪಾಲು

ಆರ್ನಲ್ಡ್ ಗ್ರಿಮ್‌ಶಾ ನಮ್ಮ ಬೌಲಿಂಗ್ ಕ್ಲಬ್ಬಿನ ಹುಲ್ಲುಹಾಸನ್ನು ಮೂವತ್ತೊಂದು ವರ್ಷ ನೋಡಿಕೊಂಡಿದ್ದ. ಮಾತು ಕಡಿಮೆ, ಮುಂಗೋಪ ಹೆಚ್ಚು. ಹಿಮ್ಮಡಿಯಿರುವ ಬೂಟು ಹಾಕಿ ಹುಲ್ಲಿನ ಮೇಲೆ ಕಾಲಿಟ್ಟರೆ ಪಾದ್ರಿಯನ್ನೂ ಬಿಡುತ್ತಿರಲಿಲ್ಲ. ನಲವತ್ತು ಗಜದ ಚೌಕ, ನಡುವೆ ಮೆಲ್ಲಗೆ ಉಬ್ಬಿದ ನೆಲ. ಗುರಿಯಾಗಿಟ್ಟ ಪುಟ್ಟ ಚೆಂಡಿನತ್ತ ನಾವು ಅದರ ಮೇಲೆ ಉರುಳಿಸುವ ಚೆಂಡು ಒಂದು ಡೇಸಿ ಹೂಗಿಡಕ್ಕೆ ತಾಗಿದರೂ ದಾರಿ ತಪ್ಪುತ್ತದೆ. ತಪ್ಪಿದಾಗ ನಮ್ಮ ಲ್ಯಾಂಕಶೈರಿನ ಜನ ತಮ್ಮ ಕೈಯನ್ನು ಬೈದುಕೊಳ್ಳುವುದಿಲ್ಲ, ಹುಲ್ಲು ನೋಡುವವನನ್ನು ಬೈಯುತ್ತಾರೆ.

ಆ ವರ್ಷ ಬೈಯಲು ಕಾರಣವೂ ಇತ್ತು. ಬ್ಲ್ಯಾಕ್‌ಪೂಲಿನಲ್ಲಿ ಸಾಯುತ್ತಿದ್ದ ಅಕ್ಕನನ್ನು ನೋಡಿಕೊಳ್ಳಲು ಆರ್ನಲ್ಡ್ ಜುಲೈ, ಆಗಸ್ಟ್ ಎರಡೂ ತಿಂಗಳು ಅಲ್ಲೇ ಉಳಿದ. ಕಳೆನಾಶಕ ಹೊಡೆಯುವ ಕಾಲ ಅದೇ. ಸೆಪ್ಟೆಂಬರಿನಲ್ಲಿ ಹಿಂತಿರುಗಿದಾಗ ಮೂರೆಲೆಯ ಕ್ಲೋವರ್ ಕಳೆ ತೇಪೆ ಹಾಕಿದಂತೆ ಹಬ್ಬಿತ್ತು, ಅಗಲ ಎಲೆಯ ಕಳೆಗಳು ನೆಲಕ್ಕೆ ಅಂಟಿ ಕೂತಿದ್ದವು. ಏಪ್ರಿಲಿಗೆ ಹುಲ್ಲು ಆಟಕ್ಕೆ ಸಿದ್ಧವಾಗದಿದ್ದರೆ ಗುತ್ತಿಗೆಯವರನ್ನು ಕರೆಸುತ್ತೇವೆ, ನೀವು ಕೆಲಸ ಬಿಟ್ಟು ಶೆಡ್ಡಿನ ಬೀಗದ ಕೈ ಒಪ್ಪಿಸಬೇಕಾಗುತ್ತದೆ ಎಂದು ಸಮಿತಿ ತಿಳಿಸಿತು. ಕಾರ್ಯದರ್ಶಿಯಾಗಿ ಆ ಪತ್ರ ಬರೆದವಳು ನಾನೇ.

ಅವನ ಲೆಕ್ಕ ಸರಳವಾಗಿತ್ತು. ಹೊಸ ಬೀಜವನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ, ಮಣ್ಣು ಬೆಚ್ಚಗಿರುವಾಗಲೇ ಬಿತ್ತಬೇಕು. ಕಳೆ ತೆಗೆಯದೆ ಬಿತ್ತಿದರೆ ಕಳೆಯೇ ಗೆಲ್ಲುತ್ತದೆ. ಔಷಧಿ ಹೊಡೆದರೆ ಆರೇಳು ವಾರ ಬಿತ್ತುವಂತಿಲ್ಲ, ಅಷ್ಟರಲ್ಲಿ ಮಣ್ಣು ತಣ್ಣಗಾಗಿರುತ್ತದೆ. ಉಳಿದದ್ದು ಕೈಕೆಲಸ. ಔಷಧಿಗಳು ಬರುವ ಮೊದಲು ಇಲ್ಲಿ ಒಂದು ಪದ್ಧತಿಯಿತ್ತು. ಚೌಕಕ್ಕೆ ಅಡ್ಡಲಾಗಿ ದಾರ ಕಟ್ಟಿ ಮನೆಗೊಂದು ಪಟ್ಟಿ ನೆಲ ಹಂಚುತ್ತಿದ್ದರು. ಮನೆಮಂದಿ ಹಳೆಯ ಊಟದ ಚಾಕು ಹಿಡಿದು ಮಂಡಿಯೂರಿ ಬೇರುಸಹಿತ ಕಳೆ ಕೀಳುತ್ತಿದ್ದರು. ಆರ್ನಲ್ಡ್ ಮತ್ತೆ ದಾರ ಕಟ್ಟಿದ. ಹನ್ನೆರಡು ಮನೆಯವರು ಬಂದರು. ಬಾರದವರ ಪಟ್ಟಿಗಳನ್ನು ಆ ಎಪ್ಪತ್ತೊಂದರ ಮುದುಕ ಹಲಗೆಯ ಮೇಲೆ ಮಂಡಿಯೂರಿ ತಾನೇ ಮಾಡತೊಡಗಿದ.

ಬೇಲಿಯಾಚೆಯಿಂದ ಯಾರೋ ಕೇಳಿದರು, “ಏನು ಆರ್ನಲ್ಡ್, ದೇವರ ಹತ್ರ ಕ್ಷಮೆ ಕೇಳ್ತಾ ಇದೀಯಾ?”

“ಹೂಂ, ನಿನ್ನ ಆಟಕ್ಕೆ,” ಎಂದ, ತಲೆ ಎತ್ತದೆ.

ಮೂರರಲ್ಲಿ ಎರಡು ಪಾಲು ಮುಗಿದಿತ್ತು. ಒಂದು ಗುರುವಾರ ಅವನು ತೀರಿಕೊಂಡ ಅಕ್ಕನ ಮನೆ ಖಾಲಿ ಮಾಡಲು ಬ್ಲ್ಯಾಕ್‌ಪೂಲಿಗೆ ಹೋದ. ಅಂದು ಬೆಳಿಗ್ಗೆ ಅಧ್ಯಕ್ಷ ಟ್ರೆವರ್ ಹಿಂಡಲ್ ಬೆನ್ನಿಗೆ ಸಿಂಪಡಿಸುವ ಡಬ್ಬ ಹಾಕಿಕೊಂಡು ಉಳಿದ ಪಾಲಿನ ಮೇಲೆ ಓಡಾಡುತ್ತಿದ್ದುದನ್ನು ನಾನು ಕ್ಲಬ್ಬಿನ ಅಡುಗೆಮನೆಯ ಕಿಟಕಿಯಿಂದ ಕಂಡೆ. ಏನು ಹೊಡೆಯುತ್ತಿದ್ದಾನೆಂದು ಕೇಳಲಿಲ್ಲ. ಅದು ನನ್ನ ತಪ್ಪು. ಟ್ರೆವರ್ ನಿವೃತ್ತ ಬಸ್ ಚಾಲಕ, ಒಳ್ಳೆಯ ಮನುಷ್ಯ. ಕೀಲುನೋವಿನಿಂದ ತನ್ನ ಪಟ್ಟಿಯನ್ನು ತಾನು ಮಾಡಲಾಗಲಿಲ್ಲವೆಂಬ ನಾಚಿಕೆ ಅವನಿಗಿತ್ತು.

ಶನಿವಾರದ ಹೊತ್ತಿಗೆ ಎಲೆಗಳು ಮುರುಟಿಕೊಂಡಿದ್ದವು. ಊರಿಗೆ ಮರಳಿದ ಆರ್ನಲ್ಡ್ ಬಗ್ಗಿ ಒಂದನ್ನು ಕಿತ್ತು ಮೂಸಿದ.

“ಡಬ್ಬಿ ಮೇಲೆ ಬರೆದಿರೋದು ಓದಿದ್ಯಾ, ಟ್ರೆವರ್?”

“ಎಷ್ಟು ನೀರಿಗೆ ಎಷ್ಟು ಅಂತ ಓದ್ದೆ ಕಣಯ್ಯಾ. ಸರಿಯಾಗೇ ಹಾಕಿದೀನಿ.”

“ಅದರ ಕೆಳಗೆ?”

ಕೆಳಗೆ ಓದಿರಲಿಲ್ಲ. ಆರೇಳು ವಾರ ಬೀಜ ಬಿತ್ತಬಾರದೆಂಬ ಸಾಲು ಓದಿಕೊಂಡ ಮೇಲೆ ಟ್ರೆವರಿನ ಮುಖ ಬಿಳುಚಿತು. “ಎಲ್ಲಾ ಕಡೆ ಬಿತ್ತಿಬಿಡು. ಹುಟ್ಟದಿದ್ರೆ ಕಾಗೆ ತಿಂತು ಅನ್ನೋಣ,” ಎಂದ.

“ಕಾಗೆಗೆ ಯಾಕೆ ಕೆಟ್ಟ ಹೆಸರು ತರ್ತೀಯಾ?”

ಸಾಯುವುದು ಖಚಿತವಾದ ಬೀಜವನ್ನು ಬಿತ್ತುವುದು ಅವನಿಂದಾಗದ ಕೆಲಸ. ಕೈಯಿಂದ ಕಳೆ ಕಿತ್ತ ಎರಡು ಪಾಲನ್ನು ಮಾತ್ರ ಕೆರೆದು, ಬಿತ್ತಿ, ಮೇಲೆ ಮರಳುಮಣ್ಣು ಎಳೆದ. ಉಳಿದದ್ದರ ಸುತ್ತ ಯಾರೂ ಕಾಲಿಡದಂತೆ ಹಗ್ಗ ಕಟ್ಟಿದ. ಯಾಕೆ ಬಿಟ್ಟೆ ಎಂದು ಸಮಿತಿಯವರು ಕೇಳಿದಾಗ, ಸಮಯ ಸಾಲಲಿಲ್ಲ ಎಂದಷ್ಟೇ ಹೇಳಿದ.

ನಿಜ ಹೇಳದೆ ಕೆಲಸ ಕಳೆದುಕೊಳ್ಳುವುದು ಮೂರ್ಖತನ ಎಂದು ನಾನು ಅವನಿಗೆ ಹೇಳಿದೆ.

“ನನ್ನ ಮಂಡಿ ನೋಡಿ ಪಾಪ ಅಂತ ಮಾಡಿದ್ದು, ಮಿಸೆಸ್ ಕರ್ಶಾ. ಅದಕ್ಕೆ ಅವನ ಮಾನ ತೆಗೀಲಾ?”

ಮೂರ್ಖತನವೆಂದೇ ಈಗಲೂ ಅನ್ನುತ್ತೇನೆ. ಆದರೆ ಅವನ ಮಾತು ಮೀರಿ ನಾನೂ ಬಾಯಿ ಬಿಡಲಿಲ್ಲ. ಚಳಿಗಾಲವಿಡೀ ಟ್ರೆವರ್ ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದ.

ಮಾರ್ಚಿನ ಸಭೆಯ ದಿನ ಎರಡು ಪಾಲು ಹುಲ್ಲು ಒತ್ತಾಗಿ, ಹಸಿರಾಗಿ ನಿಂತಿತ್ತು. ಮೂರನೆಯದು ಬರೀ ಕಂದು ಮಣ್ಣು, ಅಲ್ಲಲ್ಲಿ ಪಾಚಿ. ಎರಡು ಪಾಲಿನ ಮೇಲೆ ಲೀಗ್ ಪಂದ್ಯ ಆಡುವಂತಿಲ್ಲ. ಆರ್ನಲ್ಡನಿಗೆ ವಯಸ್ಸಾಯಿತು, ಗುತ್ತಿಗೆಯವರನ್ನು ಕರೆಯೋಣ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಅವನು ಸಭೆಗೆ ಬಂದಿರಲಿಲ್ಲ. ಕೈ ಎತ್ತಲು ಹೇಳಬೇಕಾದವನು ಟ್ರೆವರ್. ಅವನು ಪೆನ್ನು ಕೆಳಗಿಟ್ಟ.

“ಕೈ ಎತ್ತೋ ಮೊದಲು ಒಂದು ಮಾತು. ಆ ಮೂರನೇ ಪಾಲು ಹಾಳು ಮಾಡಿದ್ದು ಆರ್ನಲ್ಡ್ ಅಲ್ಲ, ನಾನು. ಅವನಿಲ್ಲದಾಗ ಔಷಧಿ ಹೊಡೆದೆ.”

ಚಹಾ ಹಂಚುತ್ತಿದ್ದ ಡೋರೀನ್ ಕೇಳಿದಳು, “ಆರು ತಿಂಗಳಿಂದ ಬಾಯಲ್ಲಿ ಏನಿತ್ತು, ಮಾಂಸದ ಪೈ ತುಂಡಾ?”

ಟ್ರೆವರ್ ಕೈ ಎತ್ತಲು ಹೇಳಿದ. ಮತ ಹಾಕಿದರು. ಏಳು ಜನ ಆರ್ನಲ್ಡನ ಪರ, ಇಬ್ಬರು ವಿರುದ್ಧ. ನಡಾವಳಿ ಪುಸ್ತಕದಲ್ಲಿ ತನ್ನ ತಪ್ಪೊಪ್ಪಿಗೆಯನ್ನು ಸ್ವಲ್ಪ ಮೆತ್ತಗೆ ಬರೆಯಲಾದೀತೇ ಎಂದು ಟ್ರೆವರ್ ಕೇಳಿದ. ಆಗದು ಎಂದೆ. ಹೇಳಿದ್ದನ್ನು ಹೇಳಿದಂತೆಯೇ ಬರೆದೆ.

ಆರ್ನಲ್ಡ್ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ. ಮತದ ಲೆಕ್ಕ ಹೇಳಿದೆ. ಕೈ ನಿಲ್ಲಿಸಿದ.

“ಅವನೇ ಹೇಳಿದ್ನಾ? ನೀವಲ್ಲ ತಾನೆ?”

“ಅವನೇ.”

ಅವನು ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ. ಏಪ್ರಿಲ್ ಎರಡನೇ ವಾರ ಮಣ್ಣು ಬೆಚ್ಚಗಾದ ಮೇಲೆ ಬಿತ್ತುತ್ತೇನೆ, ಮೇ ಮುಗಿಯುವವರೆಗೆ ನಮ್ಮವರು ಬೇರೆ ಕ್ಲಬ್ಬುಗಳಲ್ಲಿ ಆಡಿಕೊಳ್ಳಲಿ ಎಂದ.

“ಟ್ರೆವರಿಗೆ ಸೋಮವಾರ ಬೆಳಿಗ್ಗೆ ಬರೋಕೆ ಹೇಳಿ. ಆ ಪಾಚಿ ಕೆರೆಯೋದಕ್ಕೆ ಇಬ್ಬರು ಬೇಕು. ನಿಂತ್ಕೊಂಡೇ ಮಾಡೋ ಕೆಲಸ, ಅವನ ಕೀಲಿಗೇನೂ ಆಗಲ್ಲ.”