ತಂತಿಯಿಂದ ಎಚ್ಚರಗೊಳ್ಳುವ ಯಂತ್ರಗಳು

ಕಂಪ್ಯೂಟರಿನ ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಗೆರೆಯೊಂದು ಮಿಣುಕುತ್ತ ನಿಂತುಬಿಟ್ಟರೆ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಳ್ಳುತ್ತೇನೆ. ಹಾವಿಗೂ ನಾನು ಇಷ್ಟು ಹೆದರುವವನಲ್ಲ. ಹಾವು ಎತ್ತಲಾದರೂ ಹರಿದುಹೋಗುತ್ತದೆ; ಈ ಗೆರೆ ಹೋಗುವುದಿಲ್ಲ, ಬರುವುದೂ ಇಲ್ಲ, ನಮ್ಮನ್ನೇ ನೋಡುತ್ತಿರುತ್ತದೆ.

ಗಂಗಾವತಿಯ ನಮ್ಮ ಕಚೇರಿಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಅರ್ಹತೆಯಿಂದ ಬಂದ ಪದವಿಯಲ್ಲ. ಟೈಪ್‌ರೈಟರಿನ ಕಾಲದವನು ನಾನೊಬ್ಬನೇ ಉಳಿದಿದ್ದರಿಂದ, ಕೀಲಿಮಣೆಯುಳ್ಳ ಸಕಲ ಪ್ರಾಣಿಗಳೂ ನನ್ನ ವಂಶಕ್ಕೆ ಸೇರಿದವೆಂದು ಮೇಲಿನವರು ತೀರ್ಮಾನಿಸಿದರು. ಈಚೆಗೆ ಎಲ್ಲ ಯಂತ್ರಗಳನ್ನೂ ಒರೆಸಿ ಹೊಸದಾಗಿ ತುಂಬಬೇಕೆಂಬ ಆಜ್ಞೆ ಬಂತು. ಒಂದೊಂದಕ್ಕೂ ಸಿಡಿ ತಿನ್ನಿಸುತ್ತ ಕೂರುವ ಕಾಲ ಹೋಯಿತಂತೆ. ಈಗ ಒಂದು ಕೋಣೆಯಲ್ಲಿ ಸರ್ವರ್ ಎಂಬ ಹಿರಿಯ ಯಂತ್ರ ಕೂತಿರುತ್ತದೆ. ಉಳಿದವು ಕಣ್ಣುಬಿಟ್ಟ ಕೂಡಲೇ ತಂತಿಯಲ್ಲಿ ಕೂಗುತ್ತವೆ: ನನಗೊಂದು ವಿಳಾಸ ಕೊಡಿ, ನಾನು ಯಾರೆಂದು ಹೇಳಿ. ಸರ್ವರ್ ವಿಳಾಸ ಕೊಡುತ್ತದೆ, ಹಳೆಯದನ್ನೆಲ್ಲ ಅಳಿಸುತ್ತದೆ, ತನ್ನಲ್ಲಿರುವ ಅಚ್ಚನ್ನು ಅದರೊಳಗೆ ಒತ್ತುತ್ತದೆ. ಇದಕ್ಕೆ ನೆಟ್‌ವರ್ಕ್ ಬೂಟ್ ಎಂದು ಹೆಸರು. ವೇದಾಂತಿಗಳು ಜೀವಮಾನವೆಲ್ಲ ಕೇಳಿಕೊಂಡು ಹೈರಾಣಾದ ಪ್ರಶ್ನೆಗೆ ಕಂಪ್ಯೂಟರಿಗೆ ಅರೆಗಳಿಗೆಯಲ್ಲಿ ಉತ್ತರ. ನಮ್ಮಲ್ಲಿ ಪುನರ್ಜನ್ಮಕ್ಕೆ ಮೊದಲು ಪಾಪಪುಣ್ಯದ ವಿಚಾರಣೆಯಾದರೂ ಉಂಟು. ಇಲ್ಲಿ ‘ಅಳಿಸಲೇ?’ ಎಂದು ಕೇಳುವ ಸೌಜನ್ಯವನ್ನೂ ಸಮಯ ಉಳಿಸುವ ಸಲುವಾಗಿ ತೆಗೆದುಹಾಕಿದ್ದರು. ಗುಂಡಿ ಒತ್ತಿದರೆ ಮುಗಿಯಿತು.

ಇದನ್ನು ಕೇಳಿಯೇ ನಾನು ಹೆದರಿದ್ದೆ. ಕಾರಣ, ನಮ್ಮ ಶಕುಂತಲಾ ಮೇಡಂ. ಪಿಂಚಣಿಯ ಕೆಲಸ ನೋಡುವವರು. ಮಗಳ ಹೆರಿಗೆಗೆಂದು ಕುಷ್ಟಗಿಗೆ ಓಡಿಹೋದವರು ಆಸ್ಪತ್ರೆಯಿಂದಲೇ ಫೋನು ಮಾಡಿದ್ದರು. "ಸರ್, ನನ್ನ ಮಷಿನ್‌ಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಹುಲಿಹೈದರದ ಮುದುಕ್ಯಾರೆಲ್ಲ ಅದರಾಗ ಅದಾರ."

ಅತಿಶಯೋಕ್ತಿಯಲ್ಲ. ಪಿಂಚಣಿ ಪಡೆಯುವ ಅಜ್ಜಿಯರು ತಾವಿನ್ನೂ ಬದುಕಿದ್ದೇವೆಂದು ಆಗಾಗ ಸಾಬೀತುಪಡಿಸಬೇಕು. ಕಳೆ ಕಿತ್ತೂ ಕಿತ್ತೂ ಸವೆದ ಅವರ ಬೆರಳುಗಳನ್ನು ಬೆರಳಚ್ಚಿನ ಯಂತ್ರ ಗುರುತಿಸುವುದಿಲ್ಲ. ಅದಕ್ಕೆ ಮೇಡಂ ಹುಲಿಹೈದರ ಹಳ್ಳಿಯಲ್ಲಿ ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ ಫೋಟೋ ಹಿಡಿದು ತಂದಿದ್ದರು. ಅದನ್ನು ಮೇಲಕ್ಕೆ ಕಳಿಸುವ ಮೊದಲೇ ಮಗಳಿಗೆ ಬೇನೆ ಶುರುವಾಯಿತು. ಯಂತ್ರ ಅಳಿಸಿಹೋದರೆ ಹುಲಿಹೈದರದ ಅಷ್ಟೂ ಅಜ್ಜಿಯರು ಒಂದೇ ಏಟಿಗೆ ಕಾಗದದ ಮೇಲೆ ತೀರಿಕೊಳ್ಳುತ್ತಿದ್ದರು, ಪಿಂಚಣಿ ನಿಲ್ಲುತ್ತಿತ್ತು. ಸಾಮೂಹಿಕ ಮರಣವೊಂದಕ್ಕೆ ಉಸ್ತುವಾರಿ ವಹಿಸುವ ಧೈರ್ಯ ನನಗಿರಲಿಲ್ಲ.

ಕೊಪ್ಪಳದ ಮಗ್ಗುಲ ಭಾಗ್ಯನಗರದಿಂದ ಬಸ್ಸಿನಲ್ಲಿ ಬರುವ ಗುತ್ತಿಗೆ ತಂತ್ರಜ್ಞ ಇಮಾಮ್ ಹುಸೇನ್, "ಆ ಮಷಿನ್ ತಂತಿ ಕಿತ್ತಿಟ್ಟಬಿಡೂಣ್ರಿ ಸರ್" ಎಂದ. ತಂತಿಯ ಬುಡ ಕಬ್ಬಿಣದ ಕಪಾಟಿನ ಹಿಂದಿತ್ತು. ಕಪಾಟು ಸರಿಸಲು ನನ್ನ ಸೊಂಟ ಒಪ್ಪಲಿಲ್ಲ. ನಾನು ‘ಯಾರೂ ಮುಟ್ಟಕೂಡದು’ ಎಂದು ಬರೆದು, ಕೆಳಗೆ ಸಹಿ ಹಾಕಿ, ಕಚೇರಿಯ ಮೊಹರನ್ನೂ ಒತ್ತಿ ಯಂತ್ರಕ್ಕೆ ಅಂಟಿಸಿದೆ. ಮೊಹರು ಬಿದ್ದ ಕಾಗದವನ್ನು ಮೀರಿದ ರಕ್ಷೆ ಈ ಲೋಕದಲ್ಲಿ ಉಂಟೆಂದು ನಾನು ನಂಬಿದವನಲ್ಲ.

ಕೆಲಸ ಶುರುವಾಯಿತು. ಶುರುವಾಯಿತು ಎಂದರೆ, ಒಂದೂ ಏಳಲಿಲ್ಲ. ಯಾವ ಪರದೆ ನೋಡಿದರೂ ಅದೇ ಬಿಳಿ ಗೆರೆ. ಇಮಾಮ್ ಹುಸೇನ್ ತಂತಿ ಬದಲಿಸಿದ, ತೂತು ಬದಲಿಸಿದ, ಒಮ್ಮೆ ಚಹಾ ಕುಡಿದು ಬಂದ. ಕೊನೆಗೆ ದನಿ ತಗ್ಗಿಸಿ ಹೇಳಿದ:

"ಸರ್, ಮಷಿನ್ ಕೂಗಾಕತ್ತಾವ. ಉತ್ತರಾನೂ ಬರಾಕತ್ತೇತಿ. ಆದ್ರ ಕೊಡಾಂವ ನಮ್ಮ ಸರ್ವರ್ ಅಲ್ರಿ. ಬ್ಯಾರೆ ಯಾವನೋ ಅದಾನ."

ಹಾಡುಹಗಲೇ ಭೂತ ಎಂದುಕೊಂಡೆ. ಇಬ್ಬರೂ ತಂತಿಯ ಜಾಡು ಹಿಡಿದು ನಡೆದೆವು. ಜಾಡು ಸಾಹೇಬರ ಕೊಠಡಿಗೆ ಹೋಗಿ ನಿಂತಿತು. ಅವರು ಕ್ರಿಕೆಟ್ ನೋಡಲೆಂದು ಮನೆಯಿಂದ ತಂದು ಮೇಜಿನ ಕೆಳಗೆ ಸಿಕ್ಕಿಸಿದ್ದ ವೈಫೈ ಡಬ್ಬಿಯೊಂದು, ಕೂಗಿದ ಯಂತ್ರಗಳಿಗೆಲ್ಲ ತಾನೇ ಮುಂದಾಗಿ ಸುಳ್ಳು ವಿಳಾಸ ಹಂಚುತ್ತಿತ್ತು. ಭೂತವಾಗಿದ್ದರೆ ಹೇಗೋ ಓಡಿಸಬಹುದಿತ್ತು. ಇದು ಸಾಹೇಬರ ಡಬ್ಬಿ. ಅವರು ಕೊಪ್ಪಳದಲ್ಲಿ ಸಭೆಯಲ್ಲಿದ್ದರು.

"ನೀವ ತಗೀರಿ ಸರ್. ನೀವು ಪರ್ಮನೆಂಟ್ ಅದೀರಿ."

"ನೀನ ತಗಿಯಪ. ನಿಂದ ಹೋಗೂದರ ಏನೈತಿ?"

"ನೌಕರಿ ಐತ್ರಿ."

ಖಾಲಿ ಕುರ್ಚಿಗೊಂದು ನಮಸ್ಕಾರ ಹಾಕಿ ನಾನೇ ಕಿತ್ತೆ. ಹೊರಗೆ ಬರುವಷ್ಟರಲ್ಲಿ ಪರದೆಗಳೆಲ್ಲ ನೀಲಿಯಾಗಿ, ಪಟ್ಟಿಗಳು ತುಂಬುತ್ತಿದ್ದವು. ಇಮಾಮ್ ಹುಸೇನ್ ಸರ್ವರ್ ಮುಂದೆ ಕೂತ. ನಾನು ಬಹಳ ದಿನಗಳ ಮೇಲೆ ಉಸಿರು ಬಿಟ್ಟೆ.

ಆಗ ಒಳಗಿನ ಕೋಣೆಯಲ್ಲಿ ಗಂಟೆ ಮೊಳಗಿತು.

ಅವತ್ತು ಅಮಾವಾಸ್ಯೆ. ನಮ್ಮ ಜವಾನ ಯಮನೂರಪ್ಪ ಪ್ರತಿ ಅಮಾವಾಸ್ಯೆಗೆ ಕಚೇರಿಯ ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾನೆ. ಆರಿದ ಯಂತ್ರಕ್ಕೆ ಪೂಜೆ ಸಲ್ಲುವುದಿಲ್ಲವೆಂಬುದು ಅವನ ಸಿದ್ಧಾಂತ. "ಮಲಗಿದ ದೇವ್ರಿಗೆ ಯಾರರ ಊದಿನಕಡ್ಡಿ ಬೆಳಗ್ತಾರೇನ್ರಿ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದ. ಆದ್ದರಿಂದ ಮೊದಲು ಎಲ್ಲವನ್ನೂ ಚಾಲೂ ಮಾಡುತ್ತಾನೆ. ಎಲ್ಲವನ್ನೂ.

ಸೊಂಟವನ್ನು ಮರೆತು ಓಡಿದೆ. ಶಕುಂತಲಾ ಮೇಡಂ ಯಂತ್ರದ ಹಣೆಯ ಮೇಲೆ ವಿಭೂತಿ, ನನ್ನ ಮೊಹರಿನ ಮೇಲೆ ಕುಂಕುಮ, ಪರದೆಯ ಮೇಲೆ ಬಿಳಿ ಗೆರೆ. ನೋಡುತ್ತಿದ್ದಂತೆ ಗೆರೆಯ ಮುಂದೆ ಅಂಕಿಗಳು ಮೂಡಿದವು.

"ಇಮಾಮಾ! ವಿಳಾಸ ಸಿಕ್ಕತೋ ಅದಕ್ಕ!"

ಆಚೆ ಕೋಣೆಯಲ್ಲಿ ಕುರ್ಚಿ ಬಿದ್ದ ಸದ್ದು. ಅಂಕಿಗಳು ಅಲ್ಲಿಗೇ ನಿಂತವು. ಅವನು ಸರ್ವರಿನ ತಂತಿಯನ್ನೇ ಕಿತ್ತಿದ್ದ. ಅಜ್ಜಿಯರು ಉಳಿದರು. ಅರ್ಧ ತುಂಬಿದ್ದ ಬೇರೆ ಯಂತ್ರಗಳೆಲ್ಲ ಅಲ್ಲಲ್ಲೇ ಪ್ರಾಣಬಿಟ್ಟವು.

"ಮುಟ್ಟಿಲ್ರಿ ಸರ್" ಎಂದ ಯಮನೂರಪ್ಪ, ಕಾಯಿ ಕೈಯಲ್ಲೇ ಹಿಡಿದು. "ಪೂಜಿ ಮಾಡೇನಿ. ಬಟನ್ ಅಷ್ಟ ಒತ್ತೇನಿ."

ಸಂಜೆ ಸಾಹೇಬರು ಬಂದು ಸತ್ತ ಕಂಪ್ಯೂಟರುಗಳನ್ನೂ ಸತ್ತ ವೈಫೈಯನ್ನೂ ನೋಡಿ, ಇಮಾಮ್ ಹುಸೇನನ ಗುತ್ತಿಗೆಯ ನವೀಕರಣದ ಬಗ್ಗೆ ಯೋಚಿಸಬೇಕಾದೀತು ಎಂದರು. ನಾನು ಅಜ್ಜಿಯರ ಕಥೆ ಹೇಳಿದೆ. "ತಂತಿ ಕೀಳೂ ಮೊದಲ ಕೇಳಬೇಕಿತ್ತಲ್ಲ?" ಎಂದರು. ಇಮಾಮ್ ಹುಸೇನ್ ತಲೆ ತಗ್ಗಿಸಿ ನಿಂತಿದ್ದ. ಮರುದಿನ ಕಪಾಟು ಸರಿಸಿ, ಮೇಡಂ ಯಂತ್ರದ ತಂತಿ ಕಿತ್ತಿಟ್ಟು, ಎಲ್ಲವನ್ನೂ ಮೊದಲಿನಿಂದ ಮಾಡಿ ಮುಗಿಸಿದ. ಅವನ ಗುತ್ತಿಗೆ ಇನ್ನೂ ಸಾಹೇಬರ ಯೋಚನೆಯಲ್ಲೇ ಇದೆ.

ಶಕುಂತಲಾ ಮೇಡಂ ಮೊಮ್ಮಗಳ ಪೇಢೆ ಹಂಚುತ್ತ ಬಂದರು. ಹುಲಿಹೈದರದ ಅಜ್ಜಿಯರೆಲ್ಲರನ್ನೂ ಮೇಲಕ್ಕೆ ಕಳಿಸಿದರು, ಜೀವಂತವಾಗಿಯೇ. ಆಮೇಲೆ ಅಕ್ಕಪಕ್ಕದ ಹೊಸ ಪರದೆಗಳನ್ನು ನೋಡಿ ಮುಖ ಸಣ್ಣದು ಮಾಡಿದರು.

"ಎಲ್ಲಾರದೂ ಛಲೋ ಮಾಡೀರಿ. ನಂದೊಂದ ಅದ ಹಳೇ ಗಾಡಿ. ಎದುರಿಗಿಲ್ದವರು ನೆಪ್ಪ ಆಗೂದಿಲ್ಲ ಬಿಡ್ರಿ."

ಇಮಾಮ್ ಹುಸೇನ್ ಪೇಢೆ ಬಾಯಿಗೆ ಹಾಕಿಕೊಂಡು ನನ್ನತ್ತ ನೋಡಿದ. ನಾನು ಫ್ಯಾನಿನತ್ತ ನೋಡಿದೆ.

ಅಂದಿನಿಂದ ನನಗೆ ಇನ್ನೊಂದು ಭಯ ಹತ್ತಿದೆ. ಬಾರದ ಬಡ್ತಿಗೆ, ತಪ್ಪಿದ ವರ್ಗಾವಣೆಗೆ, ಮುರಿದುಬಿದ್ದ ಒಂದು ಹಳೆಯ ಸಂಬಂಧಕ್ಕೆ, ನಾನೂ ಹೀಗೆಯೇ ಊರೆಲ್ಲ ಮುಖ ಸಣ್ಣದು ಮಾಡಿಕೊಂಡು ತಿರುಗಿದ್ದೇನೆ. ಆಗ ಯಾವ ಕೋಣೆಯಲ್ಲಿ ಯಾರು ಕುರ್ಚಿ ಬೀಳಿಸಿಕೊಂಡು ಎದ್ದು ನನಗಾಗಿ ಏನನ್ನು ಕಿತ್ತರೋ, ಯಾರ ಬೈಗುಳ ತಿಂದರೋ. ಹುಡುಕಿ ಕೇಳಬಹುದು. ಆದರೆ ಅವರು ಹೇಳಿಬಿಟ್ಟರೆ, ಇಷ್ಟು ವರ್ಷದ ಮುನಿಸನ್ನು ಎಲ್ಲಿಡಲಿ?