ಹುರುಳಿಯ ಮೇಲೆ ನನ್ನ ಸವಾರಿ

ಐವತ್ತು ದಾಟಿದ ಮೇಲೆ ಕಾರು ಕಲಿತವನು ನಾನು. ನಮ್ಮ ಬಸವೇಶ್ವರನಗರದ ಹಾಲಿನ ಬೂತಿನವನಿಗೂ ಇದು ಚೆನ್ನಾಗಿ ಗೊತ್ತು. ನಾನು ಕಾರು ಹೊರಗೆ ತೆಗೆದಾಗಲೆಲ್ಲ ಅವನು ಖಾಲಿ ಕ್ರೇಟುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದ.

ನನ್ನ ಹೆಂಡತಿ ಸರೋಜ ಅಷ್ಟು ನಿಷ್ಠುರಳಲ್ಲ. ಕಾರು ಹತ್ತುತ್ತಿದ್ದಳು, ಆದರೆ ಹಿಂದಿನ ಸೀಟಿಗೆ. “ಮುಂದೆ ಕೂತ್ರೆ ಎಲ್ಲಾ ಕಾಣ್ಸುತ್ತೆ ಕಣ್ರೀ” ಎಂಬುದು ಅವಳು ಕೊಡುತ್ತಿದ್ದ ಕಾರಣ. ನೋಡಿದವರು ನನ್ನನ್ನು ಅವಳ ಡ್ರೈವರ್ ಅಂದುಕೊಳ್ಳುತ್ತಿದ್ದರು. ಅದಕ್ಕೆ ಬೇಸರವಿಲ್ಲ, ಡ್ರೈವರ್ ಅಂತಾದರೂ ಅಂದುಕೊಂಡರಲ್ಲ! ಆದರೆ ಪಕ್ಕದ ಖಾಲಿ ಸೀಟು ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು.

ಆ ಸೀಟು ತುಂಬಿಸಲೆಂದೇ ಒಂದು ಭಾನುವಾರ ಮಾಗಡಿಯಾಚೆಯ ಅವಳ ಅಕ್ಕನ ಊರಿಗೆ ಕಾರಿನಲ್ಲೇ ಹೊರಟೆ. ಅಷ್ಟು ದೂರ ಸುಸೂತ್ರವಾಗಿ ಕರೆದೊಯ್ದರೆ ಬರುವಾಗಲಾದರೂ ಮುಂದೆ ಕೂತಾಳೆಂಬ ಆಸೆ. ಮೆಟ್ರೊ ಇನ್ನೂ ಮಾತಿನಲ್ಲೇ ಇದ್ದ ಕಾಲ. ಕಾಮಾಕ್ಷಿಪಾಳ್ಯದ ಬಸ್ಸುಗಳ ನಡುವೆ ಮೂರು ಸಲ ಇಂಜಿನ್ ನಿಲ್ಲಿಸಿಕೊಂಡು, ಬೈಸಿಕೊಂಡು, ಅಂತೂ ಊರು ದಾಟಿದೆ. ಮಾಗಡಿ ಕಳೆದ ಮೇಲೆ ಬೆಟ್ಟದ ಬುಡದಲ್ಲಿ ಎರಡು ಗಾಡಿ ಅಗಲದ ರಾಜ್ಯ ಹೆದ್ದಾರಿ. ಅದು ಹೆದ್ದಾರಿಯಾಗಿರುವುದು ಬೋರ್ಡಿನಲ್ಲಿ, ನಾನು ಡ್ರೈವರಾಗಿರುವುದು ಲೈಸೆನ್ಸಿನಲ್ಲಿ. ನಮ್ಮಿಬ್ಬರಿಗೂ ಸರಿಹೋಯಿತು.

ಒಂದು ತಿರುವು ದಾಟಿದರೆ ರಸ್ತೆಯ ಅಗಲಕ್ಕೂ ಒಣಗಿದ ಹುರುಳಿ ಗಿಡ ಹರಡಿದೆ! ತಟ್ಟನೆ ಬ್ರೇಕ್ ಒತ್ತಿದೆ. ಅನ್ನದಗುಳು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವನು ನಾನು. ಯಾರದೋ ಬೆಳೆಯ ಮೇಲೆ ಟೈರು ಹತ್ತಿಸುವುದುಂಟೆ? ಇಳಿದು, ಗಿಡಗಳನ್ನು ತಬ್ಬಿ ಎತ್ತಿ ಬದಿಗಿಡತೊಡಗಿದೆ. ನನ್ನ ಸಂಸ್ಕಾರ ಕಂಡು ಸರೋಜಳ ಕಣ್ಣು ತುಂಬಿರಬೇಕೆಂದು ತಿರುಗಿ ನೋಡಿದೆ. ಅವಳು ಕಿಟಕಿಯ ಗಾಜು ಏರಿಸುತ್ತಿದ್ದಳು.

ಹುಣಸೆಮರದ ನೆರಳಿನಿಂದ ಅಜ್ಜಿಯೊಬ್ಬರು ಮೊರ ಹಿಡಿದು ಓಡಿಬರುತ್ತಿದ್ದರು.

“ಯಾಕ್ ಸ್ವಾಮಿ ತೆಗೀತೀರಾ? ಗಾಡಿ ತುಳೀಲಿ ಅಂತಾನೇ ಹಾಕಿರೋದು. ಬೆಳಗ್ಗಿಂದ ಎರಡೇ ಬಸ್ ಬಂದಿರೋದು. ಮೇಲೇ ಹತ್ಸಿ!”

ಹಿಂದೆ ಕಣ ಮಾಡಿ, ಸಗಣಿ ಸಾರಿಸಿ, ಎತ್ತುಗಳಿಗೆ ಕಲ್ಲಿನ ಗುಂಡು ಕಟ್ಟಿ ಒಕ್ಕಣೆ ಮಾಡುತ್ತಿದ್ದರು. ಎತ್ತು ಹೋದವು, ಕಣ ಹೋಯಿತು, ಸರ್ಕಾರ ಹೆದ್ದಾರಿ ಕೊಟ್ಟಿತು. ಈಗ ಗುಂಡಿನ ಕೆಲಸ ನನ್ನ ಪಾಲಿಗೆ ಬಂತು. ತೆಗೆದ ಗಿಡವನ್ನೆಲ್ಲ ಮತ್ತೆ ಹರಡಿ, ಕಾರು ಹತ್ತಿಸಿದೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಜೋರಾಗ್ ಹೋಗೋರು ಕಾಳ್ನೆಲ್ಲ ಚಿಮ್ಮಿಸ್ಬಿಡ್ತಾರೆ. ನಿಮ್ ಗಾಡಿ ಎತ್ತಿನ ಥರ ಹೋಯ್ತದೆ. ಇನ್ನೊಂದೆರಡು ಸಲ ಹೋಗ್ಬನ್ನಿ ಸ್ವಾಮಿ.”

ನನ್ನ ಡ್ರೈವಿಂಗನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಉಬ್ಬಿಹೋದೆ. ಹಿಂದಕ್ಕೂ ಮುಂದಕ್ಕೂ ಎಷ್ಟು ಸಲ ಓಡಾಡಿದೆನೋ, ನಡುವೆ ಸರೋಜ ಕಾರು ನಿಲ್ಲಿಸಲು ಹೇಳಿ ಇಳಿದಳು. ಇಲ್ಲಿಂದ ಬಸ್ಸಿಗೇ ಹೋಗುತ್ತಾಳೆ ಎಂದುಕೊಂಡೆ. ಅವಳು ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತಳು.

“ರೀ, ಆ ಅಂಚಲ್ಲಿ ಇನ್ನೂ ಕಾಯಿ ಒಡ್ದಿಲ್ಲ. ಸ್ವಲ್ಪ ಎಡಕ್ಕೆ ಬನ್ನಿ.”

ಅಂದಿನಿಂದ ಅವಳು ಮುಂದೆಯೇ ಕೂರುತ್ತಾಳೆ. ನಮ್ಮ ಬಡಾವಣೆಯ ನುಣ್ಣನೆಯ ಡಾಂಬರಿನ ಮೇಲೂ “ಸ್ವಲ್ಪ ಎಡಕ್ಕೆ” ಎನ್ನುತ್ತಿರುತ್ತಾಳೆ. ಹಿಂದೆ ಕೂತಿದ್ದಾಗ ಸುಮ್ಮನಾದರೂ ಇರುತ್ತಿದ್ದಳು. ಖಾಲಿ ಸೀಟಿಗಿಂತ ಇದೇ ವಾಸಿ ಎಂದುಕೊಂಡು ನಾನು ಎಡಕ್ಕೆ ಬರುತ್ತೇನೆ.