ಎರಡನೇ ನಂಬರಿನ ಡಬ್ಬಿ

ನನಗೆ ಬಂದೂಕು ಕಂಡರಾಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳಹೊರಟಿರುವುದು ಒಂದು ಪಿಸ್ತೂಲಿನ ಸಂಗತಿ, ಮತ್ತು ಅದನ್ನು ಕೊಂಡವಳು ನನ್ನ ಗೆಳತಿ. ಅಮೆರಿಕದ ಡರ್ಹಮ್ಮಿನ ನಮ್ಮ ಬೀದಿಯಲ್ಲಿ ನನ್ನ ಮನೆಯಿಂದ ಮೂರನೆಯದು ನೀರಜಾಳ ಮನೆ. ಮೈಸೂರಿನವಳು, ಕುಳ್ಳಗೆ, ತೆಳ್ಳಗೆ, ಐದಡಿಯ ಮೇಲೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಗಂಡ ಪ್ರತಾಪ್ ನಾಲ್ಕು ಗಂಟೆ ದಾರಿಯ ಫೇರ್‌ಫ್ಯಾಕ್ಸಿನಲ್ಲಿ ಸರ್ಕಾರಿ ಕಾಂಟ್ರ್ಯಾಕ್ಟಿನ ಮೇಲಿದ್ದಾನೆ. ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದು ಆಗ ಶುಕ್ರವಾರ ಸಂಜೆ ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದ, ಭಾನುವಾರ ಹೊರಡುತ್ತಿದ್ದ. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ನೀರಜಾ ಮತ್ತು ಅವಳ ಅತ್ತೆ ಸಿದ್ದೇಶ್ವರಿ ಇಬ್ಬರೇ.

ನೀರಜಾಳ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಲ್ಯಾಬಿನಲ್ಲಿ ಒಂದು ರಿಸಲ್ಟ್ ಎಡವಟ್ಟಾಗಿ ಬಂದರೆ ಎಲ್ಲರೂ ಹೊಸದಾಗಿ ಸೇರಿದವರ ಕಡೆ ನೋಡುತ್ತಾರಂತೆ. ಇವಳು ಮಾತ್ರ ಬಿಡುವುದಿಲ್ಲ. "ಮನುಷ್ಯರನ್ನ ಆಮೇಲೆ ಬೈಯಿರಿ, ಮೊದಲು ಟ್ಯೂಬ್ ನೋಡಿ" ಎನ್ನುತ್ತಾಳೆ. ಒಂದೊಂದಾಗಿ ಬದಲಾಯಿಸಿ, ಒಂದೊಂದಕ್ಕೂ ನಂಬರು ಬರೆದು, ಕೊನೆಗೆ ತಪ್ಪು ಎಲ್ಲಿದೆ ಎಂದು ಹಿಡಿದೇ ಹಿಡಿಯುತ್ತಾಳೆ. ಅಂಥ ದಿನ ಅವಳು ಮನೆಗೆ ಬರುವ ಖುಷಿ ನೋಡಬೇಕು. ಮದುವೆ ಮನೆಯಿಂದ ಬಂದವಳ ಹಾಗಿರುತ್ತಾಳೆ.

2021ರ ಬೇಸಿಗೆಯ ಕೊನೆಯಲ್ಲಿ ಆ ಮನೆಗೆ ಕಳ್ಳರು ನುಗ್ಗಿದರು. ಹಾಡಹಗಲು. ನೀರಜಾ ಕೆಲಸದಲ್ಲಿದ್ದಳು. ಅಡುಗೆಮನೆಯ ಹಿಂದಿನ ಬಾಗಿಲು ಒಡೆದ ಸದ್ದಿಗೆ ಸಿದ್ದೇಶ್ವರಿ ಆಂಟಿ ಲಟ್ಟಣಿಗೆ ಸಮೇತ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಒಂದು ಲ್ಯಾಪ್‌ಟಾಪು, ಒಂದಷ್ಟು ಚಿಲ್ಲರೆ ಸಾಮಾನು ಹೋಯಿತು, ಅಷ್ಟೇ. ನೀರಜಾ ಬಂದು ಬಾಗಿಲು ತಟ್ಟಿದಾಗ ಆಂಟಿ ಒಳಗಿನಿಂದ "ನಿಜವಾಗ್ಲೂ ನೀನೇನಾ?" ಎಂದು ಕೇಳಿದರಂತೆ. ಆ ಪ್ರಶ್ನೆ ನೀರಜಾಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಪ್ರತಾಪ್ ಕೂಡಲೇ ತೀರ್ಮಾನ ಹೇಳಿದ. "ಮನೆ ಮಾರಿಬಿಡೋಣ. ಇಬ್ರೂ ಫೇರ್‌ಫ್ಯಾಕ್ಸಿಗೆ ಬಂದ್ಬಿಡಿ. ಜಾಬ್ ಅಲ್ಲೂ ಸಿಗುತ್ತೆ ನೀರೂ."

ಸಿಗುತ್ತೆ ಎನ್ನುವುದು ಗಂಡಸರಿಗೆ ಎಷ್ಟು ಸುಲಭದ ಮಾತು! ಎಷ್ಟೋ ವರ್ಷ ದುಡಿದು ಗಳಿಸಿದ ಜಾಗ, ಜನ ಬಂದು ಸಲಹೆ ಕೇಳುವ ಸ್ಥಾನ, ಎಲ್ಲ ಬಿಟ್ಟು ಅಲ್ಲಿ ಮತ್ತೆ ಅ ಆ ಇ ಈ. ನೀರಜಾ ಜಗಳವಾಡಲಿಲ್ಲ, ಚೌಕಾಸಿ ಮಾಡಿದಳು. ಬಾಗಿಲು ಬದಲಾಯಿಸುತ್ತೇನೆ, ಅಲಾರ್ಮ್ ಹಾಕಿಸುತ್ತೇನೆ, ಒಂದು ಪಿಸ್ತೂಲು ಕೊಂಡು ಕ್ಲಾಸಿಗೆ ಸೇರಿ ಸರಿಯಾಗಿ ಕಲಿಯುತ್ತೇನೆ, ವರ್ಷದ ಕೊನೆಯೊಳಗೆ ಆ ಕ್ಲಾಸಿನ ಪರೀಕ್ಷೆ ಪಾಸಾಗದಿದ್ದರೆ ಸುಮ್ಮನೆ ಗಂಟುಮೂಟೆ ಕಟ್ಟಿಕೊಂಡು ಬರುತ್ತೇನೆ ಎಂದಳು. ಪ್ರತಾಪ್ ಒಪ್ಪಿದ. ಇವಳ ಕೈಯಲ್ಲಿ ಆಗುವುದಿಲ್ಲ ಎಂಬ ಧೈರ್ಯದಿಂದಲೇ ಒಪ್ಪಿದ ಎಂದು ನನ್ನ ಗುಮಾನಿ. ಮನೆ ಮಾರಿಸುವ ಏಜೆಂಟ್ ಜತೆ ಅವನು ಅಷ್ಟರಲ್ಲೇ ಮಾತಾಡಿದ್ದ.

ನಾನು ಕೂಗಾಡಿದೆ. ಒಂದು ನಾಯಿ ಸಾಕಿಕೊ ಎಂದೆ. "ಅತ್ತೆಗೆ ನಾಯಿ ಕಂಡ್ರೆ ಕಳ್ಳನಿಗಿಂತ ಭಯ ಕಣೇ" ಎಂದಳು. ಹಾಗಾಗಿ ಪಿಸ್ತೂಲು ಬಂತು.

ಊರಾಚೆ ಪೈನ್ ಮರಗಳ ನಡುವೆ ಕೆಂಪು ಮಣ್ಣಿನ ದಿಬ್ಬ ಕಟ್ಟಿರುವ ಒಂದು ಶೂಟಿಂಗ್ ರೇಂಜ್. ಶನಿವಾರಗಳಲ್ಲಿ ನೀರಜಾ ಹೋಗುವಳು, ಬೈಯುತ್ತಲೇ ನಾನೂ ಜತೆಗೆ ಹೋಗುವೆನು. ಕಲಿಸುವವನು ಅರ್ಲ್ ಎಂಬ ಬಿಳಿ ಗಡ್ಡದವನು, ಒಳ್ಳೆಯವನೇ. ಗುಂಡು ತುಂಬುವ ಉದ್ದನೆಯ ಡಬ್ಬಿಗೆ ಮ್ಯಾಗಜೀನ್ ಎನ್ನುತ್ತಾರೆ, ಪಿಸ್ತೂಲಿನ ಜತೆ ಅಂಥವು ಎರಡು ಬಂದಿದ್ದವು. ಡಬ್ಬಿಯೊಳಗೆ ಒಂದು ಸ್ಪ್ರಿಂಗು, ಅದರ ತಲೆಯ ಮೇಲೆ ಒಂದು ತಟ್ಟೆ. ಒಂದು ಗುಂಡು ಹಾರಿದ ಕೂಡಲೇ ಆ ತಟ್ಟೆ ಮುಂದಿನ ಗುಂಡನ್ನು ಮೇಲಕ್ಕೆ ತಳ್ಳುತ್ತದೆ, ಪಿಸ್ತೂಲು ಅದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಇಷ್ಟು ನನಗೂ ಅರ್ಥವಾಯಿತು. ಮೊದಲ ವಾರಗಳಲ್ಲಿ ಎಲ್ಲ ಸರಿಯಾಗಿಯೇ ಇತ್ತು. ನೀರಜಾಳ ಗುರಿಯೂ ಪರವಾಗಿಲ್ಲ ಎನ್ನುವಂತಿತ್ತು.

ಅಕ್ಟೋಬರಿನಲ್ಲಿ ಆಯುಧ ಪೂಜೆ ಬಂತು. ಆ ಮನೆಯಲ್ಲಿ ಅದು ದೊಡ್ಡ ಹಬ್ಬ. ಕಾರು, ಕುಕ್ಕರು, ಮಿಕ್ಸಿ, ಹೊಸ ಲ್ಯಾಪ್‌ಟಾಪು, ಗ್ಯಾರೇಜಿನ ಹುಲ್ಲು ಕತ್ತರಿಸುವ ಯಂತ್ರ, ಎಲ್ಲಕ್ಕೂ ವಿಭೂತಿ ಕುಂಕುಮ. ಪಿಸ್ತೂಲು ಬೇಡ ಎಂದಳು ನೀರಜಾ. ಆಂಟಿ ಬಿಡುತ್ತಾರೆಯೇ? "ನಿಜವಾದ ಆಯುಧ ಮನೇಲಿಟ್ಕೊಂಡು ಮಿಕ್ಸಿಗೆ ಪೂಜೆ ಮಾಡಿದ್ರೆ ನಾಲ್ಕು ಜನ ನಗಲ್ವೇನಮ್ಮ?" ಎಂದರು. ಮಾತು ಸರಿಯೇ. ನೀರಜಾ ಗುಂಡುಗಳನ್ನೂ ಒಂದು ಮ್ಯಾಗಜೀನನ್ನೂ ಬೀಗದ ಪೆಟ್ಟಿಗೆಯಲ್ಲೇ ಬಿಟ್ಟು, ಖಾಲಿ ಪಿಸ್ತೂಲನ್ನು ಎರಡೆರಡು ಸಲ ನೋಡಿ, ಗುಂಡು ಒಳಹೋಗುವ ಬಾಯಿ ತೆರೆದಿಟ್ಟು, ಪಕ್ಕದಲ್ಲಿ ಇನ್ನೊಂದು ಖಾಲಿ ಮ್ಯಾಗಜೀನನ್ನೂ ಇಟ್ಟಳು. ಹೂರಣದ ಕಡೆ ನೋಡಲು ಅಡುಗೆಮನೆಗೆ ಹೋದಳು. ಪೂಜೆ ಆದಮೇಲೆ ಪಿಸ್ತೂಲಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು. ನನಗೆ ಮೊದಲ ಸಲ ಅದರ ಮೇಲೆ ಸ್ವಲ್ಪ ಮಮತೆ ಬಂತು. ಮರುದಿನ ನೀರಜಾ ಎಲ್ಲವನ್ನೂ ಒರೆಸಿ ಎತ್ತಿಟ್ಟಳು.

ಅದರ ಮುಂದಿನ ಶನಿವಾರದಿಂದ ಕಾಟ ಶುರುವಾಯಿತು. ಎರಡು ಗುಂಡು ಹಾರುವುದು, ಮೂರನೆಯದು ಮೂತಿ ಕೆಳಗೆ ಮಾಡಿಕೊಂಡು ಅರ್ಧದಲ್ಲಿ ಸಿಕ್ಕಿಕೊಳ್ಳುವುದು. ಬಿಡಿಸಿದರೆ ಮತ್ತೆ ಒಂದು ಹಾರುವುದು, ಮತ್ತೆ ಸಿಕ್ಕುವುದು. ಕೆಲವೊಮ್ಮೆ ಪೂರ್ತಿ ಸರಿಯಾಗಿಯೇ ನಡೆದುಬಿಡುವುದು. ಅದೇ ಹೆಚ್ಚಿನ ಗೋಳು. ಪ್ರತಿ ಸಲವೂ ಕೆಟ್ಟಿದ್ದರೆ ಕೆಟ್ಟಿದೆ ಎಂದು ಹೇಳಬಹುದಿತ್ತು.

ಅರ್ಲ್ ನೋಡಿ, ನಿನ್ನ ಮಣಿಕಟ್ಟು ಸಡಿಲ, ಗಟ್ಟಿಯಾಗಿ ಹಿಡಿಯದಿದ್ದರೆ ಹೀಗೇ ಆಗುತ್ತದೆ, ಸಣ್ಣ ಕೈಯ ಹೆಂಗಸರಲ್ಲಿ ಇದು ಸಾಮಾನ್ಯ ಎಂದ. ಪಕ್ಕದ ಸಾಲಿನಲ್ಲಿ ನಿಂತಿದ್ದವರೂ ಅದನ್ನೇ ಹೇಳಿದರು. ನೀರಜಾ ಮನೆಯಲ್ಲಿ ನೀರಿನ ಬಾಟಲಿ ಎತ್ತಿ ಇಳಿಸಿ ಮಣಿಕಟ್ಟಿಗೆ ವ್ಯಾಯಾಮ ಮಾಡಿದಳು. ಆ ವರ್ಷ ಅಂಗಡಿಗಳಲ್ಲಿ ಗುಂಡುಗಳಿಗೇ ಬರ, ಮೊದಲಿನ ಕಂಪನಿಯದು ಸಿಗದೆ ಬೇರೆಯದು ತಂದಿದ್ದಳು, ಅದಿರಬಹುದೆಂದು ಇನ್ನೊಂದು ಹುಡುಕಿ ತಂದಳು. ಪಿಸ್ತೂಲಿಗೆ ಎಣ್ಣೆ ಬಿಟ್ಟಳು, ಬ್ರಷ್ಷಿನಿಂದ ತಿಕ್ಕಿದಳು. ಮ್ಯಾಗಜೀನ್ ತುಂಬುವಾಗ ಒಮ್ಮೊಮ್ಮೆ ಕೊನೆಯ ಗುಂಡು ಒಳಗೆ ಹೋಗದೆ ಹಟ ಮಾಡುತ್ತದೆ ಎಂದು ಅವಳು ಹೇಳಿದಾಗ, ಹೊಸ ಸ್ಪ್ರಿಂಗು ಹಾಗೇ ಇರುತ್ತದೆ ಎಂದ ಅರ್ಲ್. ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ಪರೀಕ್ಷೆ ಡಿಸೆಂಬರಿನ ಮೊದಲ ಶನಿವಾರಕ್ಕೆ ಇತ್ತು.

ನವೆಂಬರಿನ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಭಾನುವಾರ ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಪ್ರತಾಪ್ ಆಗಷ್ಟೇ ಹೊರಟಿದ್ದ. ಹೋಗುವಾಗ, ಏಜೆಂಟ್ ಬಂದು ಮನೆಯ ಫೋಟೋ ತೆಗೆಯಲಿ, ಸುಮ್ಮನೆ ಇರಲಿ ಎಂದು ಹೇಳಿ ಹೋಗಿದ್ದ.

"ತೆಗೀಲಿ ಬಿಡು ಮಧುರಾ" ಎಂದಳು ನೀರಜಾ. "ನನ್ನ ಕೈಯೇ ಸರಿ ಇಲ್ಲ. ಇನ್ನೂ ಅದು ಇದು ಅಂತ ನೆಪ ಹೇಳ್ತಾ ಕೂತ್ರೆ ಕುಣಿಯಲಾರದವಳಿಗೆ ನೆಲ ಡೊಂಕು ಅನ್ನೋ ಹಾಗಾಗುತ್ತೆ. ನಾಳೆ ಯಾರಾದ್ರೂ ನುಗ್ಗಿ, ಅತ್ತೆ ಒಳಗಿದ್ದು, ನನ್ನ ಕೈಲಿ ಇದು ಸಿಕ್ಕಾಕ್ಕೊಂಡ್ರೆ?"

ನನಗೆ ಸಿಟ್ಟು ಬಂತು. ಬಂದೂಕಿನ ಪರ ವಾದ ಮಾಡುವ ದಿನ ನನಗೂ ಬರುತ್ತದೆಂದು ಯಾರು ತಿಳಿದಿದ್ದರು! "ಲ್ಯಾಬಲ್ಲಿ ಹೊಸಬರ ಮೇಲೆ ತಪ್ಪು ಹಾಕಿದ್ರೆ ಏನು ಹೇಳ್ತೀಯ ನೀನು? ಮೊದಲು ಟ್ಯೂಬ್ ನೋಡಿ ಅಂತೀಯ ತಾನೆ? ನಿನ್ನ ಕೈಗೆ ಮಾತ್ರ ಆ ನ್ಯಾಯ ಇಲ್ವಾ? ಊರಿಗೆಲ್ಲ ಬುದ್ಧಿ ಹೇಳ್ತೀಯ, ದೀಪದ ಬುಡದಲ್ಲೇ ಕತ್ತಲು!" ಎಂದೆ.

ಅವಳು ಲೋಟ ಇಟ್ಟು ಎದ್ದು ಬೀಗದ ಪೆಟ್ಟಿಗೆ ತಂದಳು. ಅವಳ ಮುಖದಲ್ಲಿ ಲ್ಯಾಬಿನ ಕಳೆ ಬಂದಿತ್ತು. ಮಾರ್ಕರ್ ಪೆನ್ನಿನಿಂದ ಒಂದು ಮ್ಯಾಗಜೀನಿನ ತಳದಲ್ಲಿ 1 ಎಂದೂ ಇನ್ನೊಂದರಲ್ಲಿ 2 ಎಂದೂ ಬರೆದಳು. "ಛೆ, ಎಂಥ ದಡ್ಡಿ ನಾನು! ದಿನಾ ನೂರಾರು ಟ್ಯೂಬಿಗೆ ಲೇಬಲ್ ಹಾಕ್ತೀನಿ, ಇವಕ್ಕೆ ಹಾಕ್ಲಿಲ್ಲ. ಯಾವುದು ಕೈಗೆ ಸಿಗುತ್ತೋ ಅದನ್ನ ಹಾಕ್ತಿದ್ದೆ" ಎಂದಳು. ಖಾಲಿ ಡಬ್ಬಿಗಳ ತಟ್ಟೆಯನ್ನು ಬೆರಳಿನಿಂದ ಒತ್ತಿ ಒತ್ತಿ ಬಿಟ್ಟಳು. ಒಂದನೆಯದು ಪುಟಕ್ಕನೆ ಮೇಲೆ ಬಂತು. ಎರಡನೆಯದು ನಡುವೆ ತಡೆದು, ಯೋಚನೆ ಮಾಡಿ, ಸೋಮಾರಿಯ ಹಾಗೆ ಬಂತು.

ಮೇಜಿನ ಮೇಲೆ ಪೇಪರ್ ಹಾಸಿದಳು. ಎರಡನೆಯದರ ತಳದ ಮುಚ್ಚಳ ಜಾರಿಸಿ, ಸ್ಪ್ರಿಂಗು ಹಾರದಂತೆ ಹೆಬ್ಬೆರಳು ಅಡ್ಡ ಹಿಡಿದು ಮೆಲ್ಲಗೆ ಎಳೆದಳು. ಸ್ಪ್ರಿಂಗಿನ ಜತೆಗೆ ಅಕ್ಕಿ ಉದುರಿತು. ಹೌದು, ಅಕ್ಕಿ. ಅರಿಶಿನ ಕುಂಕುಮ ಮೆತ್ತಿದ, ತುಪ್ಪದ ಜಿಡ್ಡಿಗೆ ಒಂದಕ್ಕೊಂದು ಅಂಟಿದ ಅಕ್ಷತೆ. ನುಚ್ಚಾದ ಕಾಳುಗಳು ತಟ್ಟೆಯ ಅಂಚಿಗೆ ಸಿಕ್ಕಿಕೊಂಡಿದ್ದವು. ಅದಕ್ಕೇ ತಟ್ಟೆ ಮೇಲೆ ಬರಲು ತಡಮಾಡುತ್ತಿತ್ತು, ಗುಂಡು ಮೂತಿ ಎತ್ತುವಷ್ಟರಲ್ಲಿ ಪಿಸ್ತೂಲಿನ ಬಾಯಿ ಮುಚ್ಚಲು ಹೊರಟಿರುತ್ತಿತ್ತು.

ಅಷ್ಟರಲ್ಲಿ ಸಿದ್ದೇಶ್ವರಿ ಆಂಟಿ ಬಂದರು. ಪೇಪರ್ ನೋಡಿ ಗಾಬರಿಯಾದರು. "ಅಯ್ಯೋ, ಅಕ್ಷತೆ ಯಾಕಮ್ಮ ತೆಗೀತಿದ್ದೀಯ?"

"ಅತ್ತೆ, ಇದರೊಳಗೆ ನೀವು ಹಾಕಿದ್ರಾ?"

"ಮತ್ತೆ? ಪೂಜೆಗೆ ಇಟ್ಟ ಡಬ್ಬಿ ಖಾಲಿ ಬಿಡ್ತಾರಾ ಯಾರಾದ್ರೂ? ಬರಿದು ಇಡಬಾರದು ಅಂತ ಒಂದು ಚಿಟಿಕೆ ಹಾಕ್ದೆ. ಆ ತಟ್ಟೆ ಮುಚ್ಚಳದ ಹಾಗೆ ಅಡ್ಡ ಇತ್ತು, ಬೆರಳಲ್ಲಿ ಒತ್ತಿ ಹಾಕ್ದೆ."

ಪಕ್ಕದ ಮನೆಯವರ ಪಾತ್ರೆ ವಾಪಸ್ಸು ಕೊಡುವಾಗಲೂ ನಾಲ್ಕು ಕಾಳು ಸಕ್ಕರೆ ಹಾಕಿ ಕೊಡುವ ಜನ ನಾವು. ಇದರಲ್ಲಿ ಆಂಟಿಯ ತಪ್ಪೇನು? ನನಗೆ ನಗು ತಡೆಯಲಾಗಲಿಲ್ಲ. ಕಾಫಿ ಮೂಗಿಗೆ ಹತ್ತಿತು. ನೀರಜಾಳೂ ನಗಲು ಶುರುಮಾಡಿದಳು, ನಗುತ್ತ ನಗುತ್ತ ಅತ್ತುಬಿಟ್ಟಳು. "ಒಂದು ತಿಂಗಳಿಂದ ನನ್ನ ಕೈನೇ ಬೈಕೊಂಡೆ ಅತ್ತೆ. ಇದು ಸಿಕ್ಕಾಕ್ಕೊಳ್ತಿತ್ತು, ಹಾರ್ತಾನೇ ಇರ್ಲಿಲ್ಲ."

ಆಂಟಿ ಕುರ್ಚಿ ಎಳೆದು ಕೂತರು. "ಹಾರ್ಲಿಲ್ವಾ?" ಎಂದರು. "ನಾನು ಅವತ್ತು ಬೇಡ್ಕೊಂಡಿದ್ದೇ ಅದು ಕಣಮ್ಮ. ಇದನ್ನ ಹಾರಿಸೋ ದಿನ ನನ್ನ ಸೊಸೆಗೆ ಬರದೇ ಇರ್ಲಿ ಸ್ವಾಮಿ ಅಂತ. ಆ ಕಳ್ಳನ ಭಯ ನಂಗೆ ಅವತ್ತೇ ಹೋಯ್ತು. ಒಬ್ಬರನ್ನ ಹೊಡೆದು ಆಮೇಲೆ ನೀನು ಹೇಗೆ ಊಟ ಮಾಡ್ತೀಯ ಅನ್ನೋದೇ ನಂಗೆ ಭಯ."

ನೀರಜಾ ಎದ್ದು ಹೋಗಿ ಆಂಟಿಯ ಭುಜಕ್ಕೆ ತಲೆ ಆನಿಸಿದಳು. ಬಂದೂಕಿನ ವಿರುದ್ಧ ನಾನು ಆಡಿದ್ದ ಭಾಷಣಗಳಲ್ಲಿ ಆ ಒಂದು ಮಾತು ಇರಲಿಲ್ಲ.

"ಫೇರ್‌ಫ್ಯಾಕ್ಸಿಗೆ ಹೋಗೋಣ ಅಂತೀರಾ ಅತ್ತೆ?" ನೀರಜಾ ಕೇಳಿದಳು.

"ಈಗಾದ್ರೂ ಕೇಳಿದ್ಯಲ್ಲ" ಎಂದರು ಆಂಟಿ. "ಅಲ್ಲಿ ಪ್ರತಾಪ ಬೆಳಿಗ್ಗೆ ಹೋದೋನು ಕತ್ತಲಾದ್ಮೇಲೆ ಬರ್ತಾನೆ. ನೀನು ಹೊಸ ಕೆಲಸದಲ್ಲಿ ಮುಖ ಒಣಗಿಸ್ಕೊಂಡು ಬರ್ತೀಯ. ನಾನು ಯಾರ ಮುಖ ನೋಡ್ಕೊಂಡಿರ್ಲಿ? ಇಲ್ಲೇ ಇರೋಣ. ನೀನು ಆ ಪರೀಕ್ಷೆ ಪಾಸಾಗು, ಹಾಳಾದ್ದು ಮಾತು ಕೊಟ್ಟಿದ್ದೀಯ."

ನೀರಜಾ ಸ್ಪ್ರಿಂಗು, ತಟ್ಟೆ, ಡಬ್ಬಿ ಎಲ್ಲವನ್ನೂ ಒರೆಸಿ ಒಣಗಿಸಿ ಜೋಡಿಸಿದಳು. ಪರೀಕ್ಷೆಯ ದಿನ ರೇಂಜಿನಲ್ಲಿ ನಾನು ಕಿವಿ ಮುಚ್ಚಿಕೊಂಡು ಹಿಂದೆ ನಿಂತಿದ್ದೆ. ಒಂದನೇ ನಂಬರು ಖಾಲಿಯಾಯಿತು. ಎರಡನೇ ನಂಬರು ಹಾಕಿದಳು. ಒಂದೂ ಸಿಕ್ಕಿಕೊಳ್ಳಲಿಲ್ಲ. ಅದೇ ಸಣ್ಣ ಕೈ, ಅದೇ ಮಣಿಕಟ್ಟು. ಅರ್ಲ್ ಬಂದು ಶಹಬ್ಬಾಸ್ ಹೇಳಿ, ಮಣಿಕಟ್ಟಿಗೆ ಏನು ಮಾಡಿದೆ ಎಂದು ಕೇಳಿದ. ನೀರಜಾ ನನ್ನ ಕಡೆ ನೋಡಿದಳು. ಅಕ್ಕಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? "ಪ್ರ್ಯಾಕ್ಟೀಸ್" ಎಂದಳು.

ಪ್ರತಾಪ್ ಮುಂದಿನ ವಾರ ಬಂದು, ತಾಯಿ ಬಾಯಿಂದಲೇ ಎಲ್ಲ ಕೇಳಿ, ಏಜೆಂಟಿಗೆ ಫೋನು ಮಾಡಿ ಬೇಡವೆಂದ. ಕೊಟ್ಟ ಮಾತು ಉಳಿಸಿಕೊಂಡ, ಅಷ್ಟರ ಮಟ್ಟಿಗೆ ಒಳ್ಳೆಯವನು. ಈಗ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ತೆಗೆದುಕೊಂಡಿದ್ದಾನೆ.

ಮರುವರ್ಷದ ಆಯುಧ ಪೂಜೆಗೆ ಆಂಟಿ ಮತ್ತೆ ಆ ಡಬ್ಬಿ ಕೇಳಿದರು. ನೀರಜಾ ಎರಡನೇ ನಂಬರಿನದರ ಸ್ಪ್ರಿಂಗು, ತಟ್ಟೆ ತೆಗೆದು, ತಳ ಮುಚ್ಚಿ ಬರೀ ಡಬ್ಬಿಯನ್ನು ಅವರ ಕೈಗೇ ಕೊಟ್ಟುಬಿಟ್ಟಳು. ಅಂದಿನಿಂದ ಅದು ದೇವರ ಗೂಡಿನಲ್ಲಿ ಅಕ್ಷತೆ ತುಂಬಿಕೊಂಡು ನಿಂತಿದೆ. ಒಂದನೇ ನಂಬರಿನದು ಗುಂಡು ತುಂಬಿಕೊಂಡು ಬೀಗದ ಪೆಟ್ಟಿಗೆಯಲ್ಲಿದೆ. ಹಬ್ಬಕ್ಕೆ ಹೋಗಿ ಕಾಲಿಗೆ ನಮಸ್ಕಾರ ಮಾಡಿದರೆ ಆಂಟಿ ಆ ಡಬ್ಬಿ ಬಗ್ಗಿಸಿ ನಮ್ಮ ತಲೆಯ ಮೇಲೆ ನಾಲ್ಕು ಕಾಳು ಹಾಕುತ್ತಾರೆ. ಎರಡು ಡಬ್ಬಿಗಳಲ್ಲಿ ಆ ಮನೆಯೊಳಗೆ ಇದುವರೆಗೆ ಖರ್ಚಾಗಿರುವುದು ಅದೊಂದೇ.